ವಧದಂಡವೂ ಮೂರು ದಿನಗಳ ಅವಧಿಯೂ

ತುಂಗಭದ್ರೆಯ ದಂಡೆಯ ಮೇಲಿರುವ ದಢೇಸುಗೂರಿನಿಂದ ಸಿಂಧನೂರನ್ನು ಹಾಯ್ದು ಮುಂದೆ ಸಾಗಿದರೆ ಮಸ್ಕಿಯ ಬೆಟ್ಟ ಎದುರಾಗುತ್ತದೆ. ಹೊಳೆಯನ್ನು ದಾಟಿ ಆಚೆಯ ಸೀಮೆಗೆ ಹೋದರೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಿವೆ. ಪಶ್ಚಿಮದಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು. ಉತ್ತರದಲ್ಲಿ ಭೀಮಾತೀರದ ಸನ್ನತಿ. ಈ ಎಲ್ಲ ಎಡೆಗಳಲ್ಲಿಯೂ ಮೌರ್ಯ ಚಕ್ರವರ್ತಿಯಾದ ಅಶೋಕನ ಧರ್ಮಲಿಪಿಗಳು ದೊರೆತಿವೆ. ಚಿನ್ನದ ಗಣಿಗಳನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನು 1915ರಲ್ಲಿ ಮಸ್ಕಿಯ ಬಂಡೆಯ ಬರಹವನ್ನು ಕಂಡುದೂ, ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದುದೂ, ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದಕ್ಕೆ ಆ ಬಂಡೆಯೇ ಸಾಕ್ಷಿಯಾದುದೂ ಈ ಭಾಗದ ವಿದ್ಯಾರ್ಥಿಗಳಿಗೆಲ್ಲ ಸುವಿದಿತವಾದ ಸಂಗತಿ. ಹೆಸರು ದೊರೆತ ಸಂಭ್ರಮದಲ್ಲಿ ಆ ಹೆಸರಿನವನು ಹೇಳಿದುದೇನೆಂಬುದು ಮಾತ್ರ ತುಸು ಹಿಂದೆ ಸರಿದಿದೆ. ಅಪರಾಧಿಯ ಪ್ರಾಣವನ್ನು ತೆಗೆಯುವ ಅಧಿಕಾರ ಪ್ರಭುತ್ವಕ್ಕೆ ಉಂಟೇ, ಉಂಟಾದರೆ ಅದರ ಮೇರೆ ಯಾವುದು ಎಂಬ ಪ್ರಶ್ನೆಯನ್ನು ವಿಚಾರಿಸುವವರು ಆ ಲಿಪಿಗಳಿಂದಲೇ ಆರಂಭಿಸುವುದು ಉಚಿತ.

ಪ್ರಶ್ನೆ ಪುಸ್ತಕದ್ದಲ್ಲ, ಊರಿನದೇ. 2020ರಲ್ಲಿ ಸಿಂಧನೂರಿನಲ್ಲಿ ಒಂದು ಪ್ರೇಮವಿವಾಹದ ಹಗೆತನ ಬೆಳೆದು ಒಂದೇ ಮನೆತನದ ಹಲವರು ಹತರಾದರು. ಆ ಪ್ರಕರಣದಲ್ಲಿ ಸಿಂಧನೂರಿನ ನ್ಯಾಯಾಲಯವು 2025ರ ಏಪ್ರಿಲ್ ತಿಂಗಳಲ್ಲಿ ಮೂವರಿಗೆ ಮರಣದಂಡನೆಯನ್ನೂ ಒಂಬತ್ತು ಮಂದಿಗೆ ಜೀವಾವಧಿ ಸೆರೆವಾಸವನ್ನೂ ವಿಧಿಸಿತು. ಇಂಥ ತೀರ್ಪು ಬಂದಾಗ ಒಂದು ಮಗ್ಗುಲಿಗೆ ಸತ್ತವರ ಮನೆಯ ಕಣ್ಣೀರು, ಇನ್ನೊಂದು ಮಗ್ಗುಲಿಗೆ ಗಲ್ಲಿಗೆ ಗುರಿಯಾದವರ ಹೆಂಡಿರು ಮಕ್ಕಳು. ನಡುವೆ ನಿಂತ ಸಮಾಜವು ಶಿಕ್ಷೆ ಸಾಲದೆಂದೋ ಹೆಚ್ಚಾಯಿತೆಂದೋ ಮಾತನಾಡಿ ಕೆಲವು ದಿನಗಳಲ್ಲಿ ಮರೆಯುತ್ತದೆ. ಕಾಯಿದೆಯಾದರೋ ಮರೆಯುವಂತಿಲ್ಲ. ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯು ಉಚ್ಚ ನ್ಯಾಯಾಲಯದ ಸ್ಥಿರೀಕರಣವಿಲ್ಲದೆ ಜಾರಿಗೆ ಬರಲಾರದು. ಅಪರಾಧಿಯು ಮೇಲ್ಮನವಿ ಸಲ್ಲಿಸಲಿ ಬಿಡಲಿ, ಕಡತವು ತಾನಾಗಿಯೇ ಮೇಲಕ್ಕೆ ಹೋಗಲೇಬೇಕು. ಬೇರಾವ ಶಿಕ್ಷೆಗೂ ಇಲ್ಲದ ಈ ನಿಯಮವನ್ನು ಪ್ರಭುತ್ವವು ಮರಣದಂಡನೆಗೆ ಮಾತ್ರ ಏಕೆ ಇಟ್ಟುಕೊಂಡಿದೆ? ತೀರ್ಪಿಗೂ ನೇಣಿಗೂ ನಡುವೆ ಒಂದು ಅವಧಿ ಬೇಕೆಂಬ ವಿವೇಕವೇ ಅದರ ಮೂಲ. ಆ ವಿವೇಕದ ಅತಿ ಪ್ರಾಚೀನವಾದ ಲಿಖಿತ ಸಾಕ್ಷ್ಯಗಳಲ್ಲಿ ಒಂದು ಅಶೋಕನದು.

ಮಸ್ಕಿಯ ಲಿಪಿಯಲ್ಲಿ ದಂಡನೆಯ ಪ್ರಸ್ತಾಪವಿಲ್ಲ. ಧರ್ಮದಲ್ಲಿ ತೊಡಗಿದರೆ ಅಲ್ಪನೂ ಉನ್ನತವಾದ ಗತಿಯನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ನೋಟಕ್ಕೆ ಸಾಧಾರಣವಾದ ಉಪದೇಶ. ಆದರೆ ದಂಡನೀತಿಯ ದೃಷ್ಟಿಯಿಂದ ನೋಡಿದರೆ ಇದೇ ತಳಪಾಯ. ಯಾವ ಮನುಷ್ಯನೂ ಎಂದೆಂದಿಗೂ ಇದ್ದಂತೆಯೇ ಇರುವನೆಂದು ನಿಶ್ಚಯವಾಗಿ ಹೇಳಲಾಗದು ಎಂಬ ನಂಬಿಕೆ ಇಲ್ಲದವನು ಅಪರಾಧಿಗೆ ಕಾಲಾವಕಾಶವನ್ನು ಏತಕ್ಕಾಗಿ ಕೊಡಬೇಕು?

ಸನ್ನತಿಯ ಶಿಲೆಯು ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇದ್ದವೆಂದು ತಿಳಿಯಲಾಗಿದ್ದ ಪ್ರತ್ಯೇಕ ಶಾಸನಗಳು 1989ರಲ್ಲಿ ಅಲ್ಲಿಯೂ ಬೆಳಕಿಗೆ ಬಂದವು. ನಗರದ ನ್ಯಾಯಾಧಿಕಾರಿಗಳನ್ನು ಉದ್ದೇಶಿಸಿದ ಅವುಗಳಲ್ಲಿ ಒಂದು, ಅಕಾರಣವಾಗಿ ಯಾರೂ ಬಂಧನಕ್ಕೂ ಹಿಂಸೆಗೂ ಗುರಿಯಾಗಬಾರದೆಂದು ವಿಧಿಸುತ್ತದೆ. ನ್ಯಾಯಾಧಿಕಾರಿಯ ಮನಸ್ಸನ್ನು ಕೆಡಿಸುವ ದೋಷಗಳನ್ನೂ ಅದು ಎಣಿಸುತ್ತದೆ: ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಬಳಲಿಕೆ. ಕೋಪ ಅಸೂಯೆಗಳನ್ನು ಯಾವ ನೀತಿಕಾರನಾದರೂ ಹೇಳಿಯಾನು. ಬಳಲಿಕೆಯನ್ನು ಎಣಿಸಿದುದು ನ್ಯಾಯದಾನದ ಕೆಲಸವನ್ನು ಹತ್ತಿರದಿಂದ ಕಂಡವನ ಮಾತು. ದಣಿದ ಅಧಿಕಾರಿಯ ಲೇಖನಿಯಿಂದಲೂ ಒಬ್ಬನ ತಲೆ ಹೋಗಬಹುದೆಂಬ ಅರಿವು ಅದರಲ್ಲಿದೆ.

ಇನ್ನು ನೇರವಾದ ಮಾತು ಬರುವುದು ಉತ್ತರ ಭಾರತದ ಸ್ತಂಭಗಳ ಮೇಲಿನ ನಾಲ್ಕನೆಯ ಶಾಸನದಲ್ಲಿ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಅಶೋಕನು ಬರೆಯಿಸಿದ ಲಿಪಿಯಿದು. ರಜ್ಜುಕರೆಂಬ ಅಧಿಕಾರಿಗಳಿಗೆ ತೀರ್ಪನ್ನೂ ದಂಡವನ್ನೂ ವಿಧಿಸುವ ಸ್ವಾತಂತ್ರ್ಯವನ್ನು ಕೊಟ್ಟು, ವ್ಯವಹಾರಸಮತೆ ಮತ್ತು ದಂಡಸಮತೆ ಇರಬೇಕೆಂದು ಅವನು ಆಜ್ಞಾಪಿಸುತ್ತಾನೆ. ಎಂದರೆ ವಿಚಾರಣೆಯ ಕ್ರಮವೂ ಶಿಕ್ಷೆಯ ಅಳತೆಯೂ ಎಲ್ಲರಿಗೂ ಒಂದೇ ಆಗಿರಬೇಕು. ಬಳಿಕ ವಧೆಗೆ ಗುರಿಯಾಗಿ ಸೆರೆಯಲ್ಲಿರುವವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟಿರುವುದಾಗಿ ಹೇಳುತ್ತಾನೆ. ಆ ಅವಧಿಯಲ್ಲಿ ಬಂಧುಗಳು ಅವರ ಪ್ರಾಣಕ್ಕಾಗಿ ಅಧಿಕಾರಿಗಳಲ್ಲಿ ಮೊರೆಯಿಡಬಹುದು. ಮೊರೆಯಿಡುವವರಿಲ್ಲದಿದ್ದರೆ ಅಪರಾಧಿಗಳು ಪರಲೋಕಕ್ಕಾಗಿ ದಾನವನ್ನೋ ಉಪವಾಸವನ್ನೋ ಆಚರಿಸಬಹುದು.

ಇಲ್ಲಿ ಶಬ್ದದ ಒಂದು ತೊಡಕುಂಟು. ‘ವಧ’ ಎಂಬುದಕ್ಕೆ ಧರ್ಮಶಾಸ್ತ್ರಗಳಲ್ಲಿ ಹೊಡೆತ, ಅಂಗಚ್ಛೇದ, ಪ್ರಾಣಹರಣ ಈ ಮೂರು ಅರ್ಥಗಳೂ ಸಲ್ಲುತ್ತವೆ. ಮನುವು ಹೇಳುವ ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡಗಳಲ್ಲಿ ಕೊನೆಯದು ಶರೀರದಂಡನೆಯನ್ನೆಲ್ಲ ಒಳಗೊಳ್ಳುತ್ತದೆ. ಆದ್ದರಿಂದ ಅಶೋಕನು ಹೇಳಿದುದು ಛಡಿಯೇಟಿನ ಶಿಕ್ಷೆಯನ್ನೆಂದು ಭಾವಿಸಿದ ವಿದ್ವಾಂಸರೂ ಇದ್ದಾರೆ. ಆದರೆ ಬಂಧುಗಳು ಜೀವಕ್ಕಾಗಿ ಮೊರೆಯಿಡುವುದೂ ಪರಲೋಕಕ್ಕಾಗಿ ಉಪವಾಸವಿರುವುದೂ ಛಡಿಯೇಟಿನ ಪ್ರಸಂಗಕ್ಕೆ ಹೊಂದುವ ಮಾತುಗಳಲ್ಲ. ಬಹುಮತವು ಮರಣದಂಡನೆಯ ಪಕ್ಷಕ್ಕೇ ಇದೆ; ಅದೇ ಸಾಧುವಾಗಿ ತೋರುತ್ತದೆ.

ಕಳಿಂಗದ ಹೆಣಗಳನ್ನು ಕಂಡು ಮರುಗಿದವನು, ಅಡುಗೆಮನೆಯ ಪ್ರಾಣಿವಧೆಯನ್ನೂ ತಗ್ಗಿಸಿದವನು ಮರಣದಂಡನೆಯನ್ನು ರದ್ದುಪಡಿಸಲಿಲ್ಲವೇಕೆ ಎಂದು ಕೇಳುವುದು ಸಹಜ. ಅವನು ಅರಸನಾಗಿಯೇ ಉಳಿದನೆಂಬುದೇ ಉತ್ತರ. ಪಶ್ಚಾತ್ತಾಪವನ್ನು ತೋಡಿಕೊಂಡ ಹದಿಮೂರನೆಯ ಶಿಲಾಶಾಸನದಲ್ಲಿಯೇ ಅಡವಿಯ ಜನರಿಗೆ ತನ್ನಲ್ಲಿ ದಂಡಶಕ್ತಿ ಉಳಿದಿದೆಯೆಂದು ಎಚ್ಚರಿಕೆ ಕೊಡುತ್ತಾನೆ. ಇದನ್ನು ಕಪಟವೆಂದು ಜರೆಯುವುದು ಸುಲಭ. ಆದರೆ ರದ್ದುಪಡಿಸಲಾರದವನು ಕೈಕಟ್ಟಿ ಕೂರದೆ ಮೂರು ದಿನಗಳನ್ನಾದರೂ ಕೊಟ್ಟನಲ್ಲ! ತನ್ನ ಅಧಿಕಾರಿಗಳ ತೀರ್ಪು ತಪ್ಪಿರಬಹುದೆಂದು ಒಪ್ಪಿಕೊಳ್ಳದೆ ಯಾವ ಅರಸನೂ ಹಾಗೆ ಕೊಡಲಾರನು.

ಇದೇ ಜಿಜ್ಞಾಸೆಯನ್ನು ಎದುರು ಬದುರು ಕೂರಿಸಿ ನಡೆಸಿದ ಸಂವಾದವೊಂದು ಮಹಾಭಾರತದ ಶಾಂತಿಪರ್ವದಲ್ಲಿದೆ. ಯಾರನ್ನೂ ಹಿಂಸಿಸದೆ ಪ್ರಜೆಗಳನ್ನು ಕಾಯುವುದು ಹೇಗೆಂದು ಯುಧಿಷ್ಠಿರನು ಕೇಳಲು, ಭೀಷ್ಮನು ದ್ಯುಮತ್ಸೇನ ಮತ್ತು ಸತ್ಯವಂತರ ಮಾತುಕತೆಯನ್ನು ಉದಾಹರಿಸುತ್ತಾನೆ. ತಂದೆಯ ಆಜ್ಞೆಯಂತೆ ಕೆಲವರನ್ನು ವಧ್ಯಸ್ಥಾನಕ್ಕೆ ಒಯ್ಯುತ್ತಿರುವುದನ್ನು ಕಂಡ ರಾಜಕುಮಾರನು ತಡೆಯುತ್ತಾನೆ: ಧರ್ಮವು ಕೆಲವೊಮ್ಮೆ ಅಧರ್ಮದ ರೂಪವನ್ನು ತಾಳಬಹುದು, ಅಧರ್ಮವೂ ಧರ್ಮದಂತೆ ತೋರಬಹುದು, ಆದರೆ ವಧೆಯು ಧರ್ಮವೆನಿಸುವುದು ಎಂದಿಗೂ ಸಾಧ್ಯವಿಲ್ಲ. ತಂದೆ ಒಪ್ಪುವುದಿಲ್ಲ. ದಸ್ಯುಗಳನ್ನು ಕೊಲ್ಲದೆ ಬಿಟ್ಟರೆ ನನ್ನದು ನಿನ್ನದೆಂಬ ಕಟ್ಟೇ ಅಳಿದು ಲೋಕಯಾತ್ರೆ ನಿಂತುಹೋದೀತು ಎನ್ನುತ್ತಾನೆ. ಪೂರ್ವಕಾಲದ ಜನರು ಮೃದುಸ್ವಭಾವದವರು. ಅವರಿಗೆ ಛೀ ಎಂಬ ಒಂದು ಮಾತು ಸಾಕಾಗುತ್ತಿತ್ತು. ಬಳಿಕ ಬೈಗುಳ ಬೇಕಾಯಿತು, ಅನಂತರ ದಂಡದ ಹಣ ಬೇಕಾಯಿತು, ಈಗ ವಧೆಯೇ ಬೇಕಾಗಿದೆ ಎಂಬುದು ಅವನ ಇತಿಹಾಸಕ್ರಮ.

ಮಗನ ವಾದದಲ್ಲಿ ಎರಡು ಅಂಶಗಳು ವಿಶೇಷವಾಗಿ ಗಮನಾರ್ಹ. ಒಬ್ಬ ದಸ್ಯುವನ್ನು ಕೊಂದ ಅರಸನು ಅವನ ತಾಯಿ, ತಂದೆ, ಹೆಂಡತಿ, ಮಕ್ಕಳನ್ನೂ ಕೊಂದಂತೆಯೇ, ಅವರ ಅಪರಾಧವೇನು? ಇದು ಮೊದಲನೆಯದು. ಅಸಾಧುವಾದವನು ಮುಂದೊಮ್ಮೆ ಸುಶೀಲನಾಗಬಹುದು, ಅಸಾಧುವಿನ ಹೊಟ್ಟೆಯಲ್ಲಿ ಒಳ್ಳೆಯ ಸಂತಾನ ಹುಟ್ಟಬಹುದು; ಆದ್ದರಿಂದ ಬೇರುಸಹಿತ ಕೀಳಬಾರದು. ಇದು ಎರಡನೆಯದು. ಹಾಗೆಂದು ಸತ್ಯವಂತನು ಕಳ್ಳರನ್ನು ಸುಮ್ಮನೆ ಬಿಡಬೇಕೆನ್ನುವುದಿಲ್ಲ. ಬೆದರಿಕೆ, ಬಂಧನ, ಕುರೂಪಗೊಳಿಸುವಿಕೆಗಳನ್ನು ಅವನೂ ಒಪ್ಪುತ್ತಾನೆ. ತಪ್ಪೊಪ್ಪಿ ಇನ್ನು ಮಾಡೆನೆಂದು ಮಾತು ಕೊಟ್ಟವನನ್ನು ಮೊದಲ ಸಲ ಬಿಡಬೇಕು, ಮತ್ತೆ ಮತ್ತೆ ಮಾಡಿದವನಿಗೆ ಆ ರಿಯಾಯಿತಿಯಿಲ್ಲ ಎನ್ನುತ್ತಾನೆ. ಅವನದು ಭಾವುಕನ ದಯೆಯಲ್ಲ, ಲೆಕ್ಕವಿಟ್ಟ ದಯೆ.

ಈ ಪಾತ್ರಗಳ ಆಯ್ಕೆಯನ್ನು ಸಾಮಾನ್ಯವಾಗಿ ಯಾರೂ ಲಕ್ಷಿಸುವುದಿಲ್ಲ. ಈ ಸತ್ಯವಂತನು ಸಾವಿತ್ರಿಯ ಗಂಡ. ಅವನ ಮರಣದ ದಿನ ನಿಶ್ಚಯವಾಗಿತ್ತು. ಹೆಂಡತಿ ಮೂರು ರಾತ್ರಿಗಳ ವ್ರತವನ್ನು ಹಿಡಿದು, ಯಮನ ಬೆನ್ನು ಹತ್ತಿ, ಮೊರೆಯಿಟ್ಟು ಅವನ ಪ್ರಾಣವನ್ನು ಮರಳಿ ಪಡೆದಳು. ಅಶೋಕನ ಮೂರು ದಿನಗಳಿಗೂ ಸಾವಿತ್ರಿಯ ಮೂರು ರಾತ್ರಿಗಳಿಗೂ ಸಂಬಂಧ ಕಲ್ಪಿಸುವುದು ಅತಿಸಾಹಸವಾದೀತು, ಕಾಕತಾಳೀಯವೇ ಇದ್ದೀತು. ಆದರೆ ಬಂಧುವಿನ ಮೊರೆಯಿಂದ ಬದುಕಿ ಉಳಿದವನ ಬಾಯಲ್ಲಿಯೇ ವಧದಂಡದ ನಿಷೇಧವನ್ನು ಆಡಿಸಿದುದು ಔಚಿತ್ಯಪೂರ್ಣವಾಗಿದೆ. ಭೀಷ್ಮನಾದರೋ ಇಬ್ಬರಲ್ಲಿ ಗೆದ್ದವರು ಯಾರೆಂದು ಹೇಳದೆ ಮುಂದಿನ ಪ್ರಸಂಗಕ್ಕೆ ಸಾಗಿಬಿಡುತ್ತಾನೆ.

ಕೌಟಿಲ್ಯನ ನಿಲುವು ದ್ಯುಮತ್ಸೇನನ ಕಡೆಗಿದೆ. ಶುದ್ಧವಧೆ, ಚಿತ್ರವಧೆಗಳೆಂಬ ವಿಭಾಗವನ್ನೇ ಅವನು ಮಾಡಿದ್ದಾನೆ. ಆದರೂ ತೀಕ್ಷ್ಣದಂಡನು ಪ್ರಜೆಗಳನ್ನು ತಲ್ಲಣಗೊಳಿಸುವನು, ಮೃದುದಂಡನು ತಿರಸ್ಕಾರಕ್ಕೆ ಪಾತ್ರನಾಗುವನು, ಯಥಾರ್ಹದಂಡನೇ ಪೂಜ್ಯನು ಎಂಬ ಅವನ ಸೂತ್ರವನ್ನು ಇಂದಿನ ಯಾವ ನ್ಯಾಯಾಧೀಶರೂ ತಳ್ಳಿಹಾಕಲಾರರು. ಯಾವುದು ಯಥಾರ್ಹ ಎಂಬುದಷ್ಟೇ ವಿವಾದ.

ಶಾಸ್ತ್ರದ ಈ ವಿವಾದ ಕನ್ನಡ ನೆಲದಲ್ಲಿ ರಕ್ತದ ಅಕ್ಷರಗಳಲ್ಲಿ ಬರೆಯಲ್ಪಟ್ಟುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ವರ್ಣಸಂಕರದ ದೋಷವನ್ನು ಹೊರಿಸಿ ಬಿಜ್ಜಳನು ಇಬ್ಬರು ತಂದೆಯರನ್ನೂ ಎಳೆಹೂಟೆಯ ಶಿಕ್ಷೆಗೆ ಗುರಿಪಡಿಸಿದನೆಂದೂ ಸಂಪ್ರದಾಯವು ಹೇಳುತ್ತದೆ. ಹಳೆಯ ಬಸವಪುರಾಣದ ಪರಂಪರೆಯಲ್ಲಿ ಕಣ್ಣುಗಳನ್ನು ಕೀಳಿಸಿದನೆಂದಿದೆ, ಮದುವೆಯ ಮಾತಿಲ್ಲ. ಈ ಪಾಠಭೇದವನ್ನು ಮರೆಮಾಚಬೇಕಾಗಿಲ್ಲ. ಕಥೆಯ ಯಾವ ರೂಪವನ್ನು ಹಿಡಿದರೂ ಉಳಿಯುವ ಸಂಗತಿ ಒಂದೇ. ಅದು ಕಾಯಿದೆಬಾಹಿರವಾದ ಕೊಲೆಯಲ್ಲ, ಅರಸನ ಆಜ್ಞೆಯಿಂದ ನಡೆದ ದಂಡನೆ. ಅಂದಿನ ಧರ್ಮಾಧಿಕಾರಿಗಳ ಕಣ್ಣಿಗೆ ಅಪರಾಧವೆಂದು ಕಂಡುದು ಇಂದಿನ ಸಂವಿಧಾನದ ಕಣ್ಣಿಗೆ ಹಕ್ಕು. ಮತ್ತು ಆ ದಂಡನೆಯಿಂದ ಶಾಂತಿ ನೆಲೆಸಲಿಲ್ಲ. ಬಿಜ್ಜಳನೇ ಕೊಲೆಯಾದನು, ಶರಣರು ದಿಕ್ಕುಪಾಲಾದರು, ಕಲ್ಯಾಣ ಬರಿದಾಯಿತು. ಸಿಂಧನೂರಿನ ಪ್ರಕರಣದಲ್ಲಿಯೂ ಹಗೆಯ ಮೂಲ ಒಂದು ಮದುವೆಯೇ ಎಂಬುದನ್ನು ನೆನೆದರೆ ಎಂಟು ಶತಮಾನಗಳು ಏನನ್ನು ಕಲಿಸಿದುವೆಂಬ ಸಂದೇಹ ಬರುತ್ತದೆ. ಅಲ್ಲಿ ಕೊಲ್ಲಿಸಿದವನು ಅರಸ. ಇಲ್ಲಿ ಕೊಂದವರು ಕೊಲೆಗಡುಕರು, ಅವರನ್ನು ದಂಡಿಸಲು ಹೊರಟಿದೆ ಪ್ರಭುತ್ವ. ಸ್ಥಾನಗಳು ತಿರುಗುಮುರುಗಾಗಿವೆ. ಆದ್ದರಿಂದಲೇ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಅದೇ ಶರಣರ ಚರಿತ್ರೆಯಲ್ಲಿ ಸತ್ಯವಂತನ ಎರಡನೆಯ ವಾದಕ್ಕೆ ನಿದರ್ಶನವೂ ಉಂಟು. ಉರಿಲಿಂಗಪೆದ್ದಿಗಳು ಮೊದಲು ಕಳ್ಳರಾಗಿದ್ದರು. ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಕಂಡು ಮನಸ್ಸು ತಿರುಗಿ, ಅವರ ಶಿಷ್ಯರಾಗಿ, ಗುರುಗಳ ಅನಂತರ ಮಠದ ಪೀಠಕ್ಕೇ ಅಧಿಕಾರಿಗಳಾದರೆಂಬುದು ಪ್ರಸಿದ್ಧ. ಕನ್ನಗಳ್ಳರಿಗೆ ಶಾಸ್ತ್ರಗಳು ವಧೆಯನ್ನೇ ವಿಧಿಸಿದ್ದ ಕಾಲವದು. ಹಿಂದಿನ ರಾತ್ರಿಯೇ ತಳವಾರನ ಕೈಗೆ ಸಿಕ್ಕಿದ್ದರೆ ಕನ್ನಡಕ್ಕೆ ಆ ವಚನಕಾರರು ದಕ್ಕುತ್ತಿರಲಿಲ್ಲ. ಕೊಲೆಗಾರನಿಗೂ ಕಳ್ಳನಿಗೂ ಅಂತರವುಂಟೆಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಯಾವನು ತಿರುಗುವನು, ಯಾವನು ತಿರುಗಲಾರನು ಎಂಬುದನ್ನು ಮುಂಚಿತವಾಗಿ ಕಾಣುವ ಕಣ್ಣು ಮಾತ್ರ ಕಳ್ಳನ ವಿಷಯದಲ್ಲಿಯೂ ಇಲ್ಲ, ಕೊಲೆಗಾರನ ವಿಷಯದಲ್ಲಿಯೂ ಇಲ್ಲ.

ಅಪರಾಧವೆಂಬುದರ ಅರ್ಥವೇ ಬದಲಾಗಲು ಕೆಲವೊಮ್ಮೆ ಶತಮಾನಗಳೂ ಬೇಕಾಗುವುದಿಲ್ಲ. ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಸಂಘರ್ಷದಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಐವರನ್ನು ನೇಣಿಗೇರಿಸಲಾಯಿತು. ಅದೇ ತಿಂಗಳ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ನಾಲ್ವರು ರೈತಯುವಕರು ನೇಣಿಗೇರಿದರು. ಮರಣದಂಡನೆಗೆ ಈಡಾಗಬೇಕಿದ್ದ ಇನ್ನೊಬ್ಬನು ಅಪ್ರಾಪ್ತವಯಸ್ಕನೆಂಬ ಕಾರಣದಿಂದ ಉಳಿದನು. ನಿರಂಜನರ ‘ಚಿರಸ್ಮರಣೆ’ಯು ಈ ಕಥೆಯನ್ನು ಕನ್ನಡಿಗರಿಗೆ ಪರಿಚಯಿಸಿತು. ಎರಡು ಪ್ರಸಂಗಗಳಲ್ಲಿಯೂ ಸರಕಾರಿ ನೌಕರರು ಸತ್ತುದು ನಿಜ, ಅವರಿಗೂ ಮನೆಮಕ್ಕಳಿದ್ದರು. ಆದರೆ ನಾಲ್ಕೇ ವರ್ಷಗಳಲ್ಲಿ ಪ್ರಭುತ್ವ ಬದಲಾಯಿತು. ಈಸೂರಿನ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾದವರು ಹೊರಬಂದು ಸ್ವಾತಂತ್ರ್ಯಯೋಧರೆಂಬ ಗೌರವವನ್ನು ಪಡೆದರು. ನೇಣಿಗೇರಿದವರಿಗೆ ದೊರೆತುದು ಸ್ಮಾರಕ.

ಸ್ವತಂತ್ರ ಭಾರತದ ಕಾಯಿದೆಯು ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ನೋಡಬಹುದು. ಸಂವಿಧಾನಸಭೆಯಲ್ಲಿ 1949ರ ಜೂನ್ 3ರಂದು ಡಾ. ಅಂಬೇಡ್ಕರರು ಮರಣದಂಡನೆಯನ್ನೇ ರದ್ದುಪಡಿಸುವುದು ತಮಗೆ ಹೆಚ್ಚು ಸಮ್ಮತವೆಂದು ನುಡಿದರು. ಅದು ಆಗಲಿಲ್ಲ. ಆದರೆ ಬ್ರಿಟಿಷರ ಕಾಲದಲ್ಲಿ ಕೊಲೆಗಾರನಿಗೆ ಮರಣದಂಡನೆಯನ್ನು ಏಕೆ ವಿಧಿಸಲಿಲ್ಲವೆಂದು ನ್ಯಾಯಾಧೀಶನು ಕಾರಣ ಬರೆಯಬೇಕಾಗಿತ್ತು. 1955ರ ತಿದ್ದುಪಡಿಯು ಆ ಹೊರೆಯನ್ನು ಇಳಿಸಿತು. 1973ರ ಸಂಹಿತೆಯು ಮರಣದಂಡನೆಯನ್ನು ವಿಧಿಸುವುದಾದರೆ ವಿಶೇಷ ಕಾರಣಗಳನ್ನು ಬರೆಯಬೇಕೆಂದಿತು. ಅಪವಾದ ಯಾವುದು, ನಿಯಮ ಯಾವುದು ಎಂಬುದೇ ತಲೆಕೆಳಗಾದ ದೊಡ್ಡ ಪಲ್ಲಟವಿದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ನಿಯಮ ಮುಂದುವರಿದಿದೆ. 1980ರಲ್ಲಿ ಬಚನ್ ಸಿಂಗ್ ಪ್ರಕರಣದ ಸಂವಿಧಾನಪೀಠವು ಮರಣದಂಡನೆಯನ್ನು ಎತ್ತಿಹಿಡಿಯಿತಾದರೂ ಅದನ್ನು ಅತ್ಯಂತ ವಿರಳವಾದ ಪ್ರಕರಣಗಳಿಗೆ ಮೀಸಲಿರಿಸಿತು. ಅಪರಾಧಿಯು ಸುಧಾರಿಸುವ ಸಂಭವವಿಲ್ಲವೆಂದು ಸಾಕ್ಷ್ಯದಿಂದ ಸಾಧಿಸುವ ಭಾರವನ್ನು ಸರಕಾರದ ಹೆಗಲಿಗೆ ಹಾಕಿತು. ಮಸ್ಕಿಯ ಬಂಡೆಯ ಮಾತು ಬೇರೆ ವೇಷದಲ್ಲಿ ಮರಳಿ ಬಂದಂತಿದೆ. ಐವರಲ್ಲಿ ನ್ಯಾಯಮೂರ್ತಿ ಭಗವತಿಯವರೊಬ್ಬರೇ ಭಿನ್ನಮತವನ್ನು ಬರೆದು, ಯಾರಿಗೆ ಗಲ್ಲು ಯಾರಿಗೆ ಸೆರೆ ಎಂಬುದು ನ್ಯಾಯಾಧೀಶರ ಮನೋಧರ್ಮವನ್ನು ಅವಲಂಬಿಸುವುದರಿಂದ ಈ ಶಿಕ್ಷೆಯು ಸ್ವೇಚ್ಛಾಚಾರದ್ದೆಂದರು.

ಭಗವತಿಯವರ ಭಯ ನಿರಾಧಾರವಲ್ಲ. ಉತ್ತರಪ್ರದೇಶದ ಒಂದು ಮೊಕದ್ದಮೆಯಲ್ಲಿ ಸಮಾನ ಪಾತ್ರವಿದ್ದ ಮೂವರಿಗೆ ಗಲ್ಲುಶಿಕ್ಷೆಯಾಗಿತ್ತು. ಅವರ ಅರ್ಜಿಗಳು ಬೇರೆ ಬೇರೆ ಪೀಠಗಳ ಮುಂದೆ ಹೋದುವು. ಒಬ್ಬನ ಶಿಕ್ಷೆ ಜೀವಾವಧಿಗೆ ಇಳಿಯಿತು. ಒಬ್ಬನು 1981ರ ಅಕ್ಟೋಬರ್ ತಿಂಗಳಲ್ಲಿ ನೇಣಿಗೇರಿದನು. ಮೂರನೆಯವನನ್ನು ಸರ್ವೋಚ್ಚ ನ್ಯಾಯಾಲಯವು ಈ ಅಸಮತೆಯನ್ನು ಕಂಡು 1982ರಲ್ಲಿ ಉಳಿಸಲು ಮುಂದಾಯಿತು. ಅಶೋಕನು ದಂಡಸಮತೆ ಎಂದುದು ಇದನ್ನೇ. ಅದಕ್ಕಿಂತ ಗಂಭೀರವಾದ ಇನ್ನೊಂದು ಉದಾಹರಣೆಯೂ ಇದೆ. ರಾಜಸ್ಥಾನದ ಅಪರಾಧಿಯೊಬ್ಬನು 1996ರಲ್ಲಿ ನೇಣಿಗೇರಿದನು. ಅಪರಾಧವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಅಪರಾಧಿಯ ಸ್ಥಿತಿಗತಿಗಳನ್ನು ಬಿಟ್ಟ ಆ ತೀರ್ಪು ಬಚನ್ ಸಿಂಗ್ ಪ್ರಕರಣದ ನಿಯಮಕ್ಕೆ ವಿರುದ್ಧವಾಗಿತ್ತೆಂದು ಸರ್ವೋಚ್ಚ ನ್ಯಾಯಾಲಯವೇ 2009ರಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡುದು ನ್ಯಾಯಾಲಯದ ದೊಡ್ಡತನ. ಅಷ್ಟರಲ್ಲಿ ಹದಿಮೂರು ವರ್ಷಗಳು ಕಳೆದುಹೋಗಿದ್ದುವು.

ಕರ್ನಾಟಕದಲ್ಲಿ ಗಲ್ಲು ಎಂದರೆ ಬೆಳಗಾವಿಯ ಹಿಂಡಲಗಾ ಕಾರಾಗೃಹ. ರಾಜ್ಯದ ಕೊನೆಯ ಗಲ್ಲು ಅಲ್ಲಿ ನಡೆದುದು 1983ರಲ್ಲಿ. ಅನಂತರ ಶಿಕ್ಷೆಗೆ ಗುರಿಯಾದವರು ಅಲ್ಲಿಗೆ ಬರುತ್ತಲೇ ಇದ್ದರು. ನೇಣು ಮಾತ್ರ ಬೀಳಲಿಲ್ಲ. ಈ ನಡುಗಾಲದಲ್ಲಿಯೇ ಹೊಸದೊಂದು ಹಿಂಸೆ ಹುಟ್ಟಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡವು ನೆಲಬಾಂಬು ಸಿಡಿಸಿ 22 ಮಂದಿಯನ್ನು ಕೊಂದಿತು. ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದುದು 2013ರ ಫೆಬ್ರವರಿಯಲ್ಲಿ. ಒಂಬತ್ತು ವರ್ಷಗಳ ಕಾಲ ಇಂದು ನಾಳೆ ಎಂದು ಎಣಿಸಿದ ಕೈದಿಗಳ ಮೊರೆಯನ್ನು ಕೇಳಿ, 2014ರ ಜನವರಿ 21ರಂದು ಸರ್ವೋಚ್ಚ ನ್ಯಾಯಾಲಯವು ಇವರೂ ಸೇರಿ 15 ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅಕಾರಣವಾದ ವಿಳಂಬವೇ ಚಿತ್ರಹಿಂಸೆ ಎಂಬುದು ತೀರ್ಪಿನ ಸಾರ. ಇದೇ ತೀರ್ಪಿನಲ್ಲಿ ಕ್ಷಮಾದಾನ ತಿರಸ್ಕೃತವಾದ ಸುದ್ದಿಯನ್ನು ಕೈದಿಗೂ ಅವನ ಮನೆಯವರಿಗೂ ತಿಳಿಸಬೇಕು, ಬಂಧುಗಳ ಕೊನೆಯ ಭೇಟಿಗೆ ಅವಕಾಶವಿರಬೇಕು, ಸುದ್ದಿಗೂ ನೇಣಿಗೂ ನಡುವೆ ಕನಿಷ್ಠ 14 ದಿನಗಳಿರಬೇಕು ಎಂದು ವಿಧಿಸಲಾಯಿತು. ಮೂರು ದಿನಗಳು ಹದಿನಾಲ್ಕಾದುವು; ಬಂಧುಗಳ ಮೊರೆ, ಪರಲೋಕದ ಸಿದ್ಧತೆ ಎರಡೂ ಉಳಿದುವು.

ಅವಧಿಯನ್ನು ದಯೆಯೆಂದು ಕೊಟ್ಟರೂ ಅದನ್ನು ಕಳೆಯುವ ರೀತಿ ಕ್ರೂರವಾದರೆ ದಯೆಯೂ ದಂಡವೇ. ಹಿಂಡಲಗಾದಲ್ಲಿ ಸುಮಾರು ಹತ್ತು ವರ್ಷ ಏಕಾಂತ ಸೆರೆಯಲ್ಲಿದ್ದ ಕೈದಿಯೊಬ್ಬನ ಮರಣದಂಡನೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ನವೆಂಬರ್ 4ರಂದು ಆ ಕಾರಣಕ್ಕಾಗಿಯೇ ಜೀವಾವಧಿಗೆ ಇಳಿಸಿ, ಕನಿಷ್ಠ 30 ವರ್ಷ ಬಿಡುಗಡೆಯಿಲ್ಲವೆಂದಿತು. ಅವನ ಅಪರಾಧವು ಘೋರವಾದುದು. ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ಮಧ್ಯಮಾರ್ಗವೊಂದು ರೂಪುಗೊಂಡುದೂ ಕರ್ನಾಟಕದ ಪ್ರಕರಣದಿಂದಲೇ. ಬೆಂಗಳೂರಿನಲ್ಲಿ 1991ರಲ್ಲಿ ನಡೆದ ಕೊಲೆಯೊಂದರ ವಿಷಯದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಗಲ್ಲಿನ ಬಗೆಗೆ ಭಿನ್ನಾಭಿಪ್ರಾಯ ತಾಳಿದರು. 2008ರಲ್ಲಿ ಮೂವರ ಪೀಠವು ಗಲ್ಲೂ ಅಲ್ಲದ, ಹದಿನಾಲ್ಕು ವರ್ಷಗಳಲ್ಲಿ ಮುಗಿಯುವುದೂ ಅಲ್ಲದ, ಉಸಿರಿರುವವರೆಗಿನ ಸೆರೆವಾಸವನ್ನು ವಿಧಿಸಿತು. 2015ರಲ್ಲಿ ಸಂವಿಧಾನಪೀಠವು ಈ ಕ್ರಮವನ್ನು ಒಪ್ಪಿತು. ಗಲ್ಲಿನ ಪಕ್ಷದವರ ಮುಖ್ಯ ಆತಂಕವಾದ, ಕೊಲೆಗಡುಕನು ಕೆಲವೇ ವರ್ಷಗಳಲ್ಲಿ ಊರಿಗೆ ಮರಳಿಬರುವನೆಂಬ ಭೀತಿಗೆ ಇದು ಸಮರ್ಥವಾದ ಸಮಾಧಾನ. ಉಳಿದ ಮುಖ್ಯವಾದ ವಾದವೆಂದರೆ ಗಲ್ಲು ಇತರರಿಗೆ ಭೀತಿ ಹುಟ್ಟಿಸುವುದೆಂಬುದು. ಜೀವಾವಧಿ ಸೆರೆಗಿಂತ ಅದು ಹೆಚ್ಚು ತಡೆಯುತ್ತದೆಂಬುದಕ್ಕೆ ಪ್ರಮಾಣವಿಲ್ಲವೆಂದು ಕಾನೂನು ಆಯೋಗದ 262ನೆಯ ವರದಿಯು 2015ರಲ್ಲಿ ಹೇಳಿ, ಭಯೋತ್ಪಾದನೆ ಹಾಗೂ ರಾಷ್ಟ್ರದ ಮೇಲಿನ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಡೆ ಇದನ್ನು ತೆಗೆಯಬೇಕೆಂದಿತು. ಇದೇ ಆಯೋಗವು 1967ರ ತನ್ನ 35ನೆಯ ವರದಿಯಲ್ಲಿ ಉಳಿಸಿಕೊಳ್ಳಬೇಕೆಂದಿತ್ತು. ದ್ಯುಮತ್ಸೇನನ ಆಸ್ಥಾನದಿಂದ ಸತ್ಯವಂತನ ಕಡೆಗೆ ಬರಲು ಅದಕ್ಕೆ ಹಿಡಿದುದು 48 ವರ್ಷ.

ಆದರೂ ಸತ್ತವರ ಮನೆಯ ಪಕ್ಷವನ್ನು ಯಾವ ವರದಿಯೂ ಪೂರ್ತಿಯಾಗಿ ಉತ್ತರಿಸಲಾರದು. ಕೊಲೆಯಾದವನಿಗೆ ಮೂರು ದಿನಗಳ ಅವಧಿಯನ್ನು ಯಾರು ಕೊಟ್ಟಿದ್ದರು ಎಂದು ತಾಯಿಯೊಬ್ಬಳು ಕೇಳಿದರೆ ಪಂಡಿತರು ಮೌನವಾಗಬೇಕಾಗುತ್ತದೆ. ಆ ತಾಯಿಯ ಕೋಪ ನ್ಯಾಯವಾದುದು. ಆದರೆ ನ್ಯಾಯಪೀಠದಲ್ಲಿ ಕುಳಿತವನು ಆ ಕೋಪವನ್ನು ಎರವಲು ಪಡೆಯುವಂತಿಲ್ಲವೆಂಬುದನ್ನು ಸನ್ನತಿಯ ಶಿಲೆ ಹೇಳುತ್ತಿದೆ. ಆ ತಾಯಿಗೆ ಸಲ್ಲಬೇಕಾದುದು ಬೇಗನೆ ಮುಗಿಯುವ ವಿಚಾರಣೆ, ಬೆದರಿಕೆಯಿಲ್ಲದ ಬದುಕು, ದುಡಿಯುವವರನ್ನು ಕಳೆದುಕೊಂಡ ಸಂಸಾರಕ್ಕೆ ಆಸರೆ. ಗಲ್ಲಿನ ಚರ್ಚೆಯ ಗದ್ದಲದಲ್ಲಿ ಇವು ಮೂರೂ ಮರೆತುಹೋಗುತ್ತವೆ.

ಸಿಂಧನೂರಿನಂಥ ಪ್ರಕರಣಗಳಲ್ಲಿ ಮೇಲಿನ ನ್ಯಾಯಾಲಯಗಳು ನೋಡಬೇಕಾದುದೇನೆಂಬುದನ್ನು 2022ರ ಮೇ ತಿಂಗಳ ಇನ್ನೊಂದು ತೀರ್ಪು ಗೊತ್ತುಪಡಿಸಿದೆ. ಅಪರಾಧಿಯ ಬಾಲ್ಯ, ಸಂಸಾರ, ಮನಸ್ಥಿತಿ, ಸೆರೆಮನೆಯಲ್ಲಿ ಅವನ ನಡತೆ ಇವುಗಳ ವರದಿಗಳನ್ನು ತರಿಸಿಕೊಳ್ಳದೆ ಮರಣದಂಡನೆಯನ್ನು ನಿರ್ಧರಿಸಬಾರದೆಂಬುದು ಅದರ ಕಟ್ಟಳೆ. ರಜ್ಜುಕರು ಮೂರು ದಿನಗಳಲ್ಲಿ ಬಂಧುಗಳ ಬಾಯಿಂದ ಕೇಳುತ್ತಿದ್ದುದನ್ನು ಇಂದು ಕಾಗದದ ಮೇಲೆ ಕೇಳಲಾಗುತ್ತಿದೆ.

ಶಾಲೆಗಳಿಂದ ಮಸ್ಕಿಗೆ ಪ್ರವಾಸ ಹೋಗುವ ರೂಢಿಯುಂಟು. ಬಂಡೆಯ ಮುಂದೆ ಹೆಸರನ್ನು ತೋರಿಸಿ ಮರಳುವುದಕ್ಕಿಂತ, ಸ್ತಂಭಶಾಸನದ ಮೂರು ದಿನಗಳ ಸಂಗತಿಯನ್ನೂ ಅಲ್ಲಿಯೇ ತಿಳಿಸಿ, ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ದ್ಯುಮತ್ಸೇನ ಸತ್ಯವಂತರ ಪಕ್ಷಗಳನ್ನು ಹಂಚಿ ವಾದಿಸಲು ಹೇಳಬಹುದು. ಅರ್ಧದಾರಿಯಲ್ಲಿ ಪಕ್ಷಗಳನ್ನು ಅದಲುಬದಲು ಮಾಡಿಸಿದರೆ ಇನ್ನೂ ಒಳ್ಳೆಯದು. ತೀರ್ಪು ಕೊಡುವ ಕೆಲಸವನ್ನು ಭೀಷ್ಮನಂತೆ ಅಧ್ಯಾಪಕರೂ ತಮ್ಮ ಮೇಲೆ ಹಾಕಿಕೊಳ್ಳಬೇಕಾಗಿಲ್ಲ.